ಟೇಪಿನ ತುದಿ ಹಿಡಿದವಳು

ಮನೆ, ಮಹಡಿಯ ಕೋಣೆ
ನವೆಂಬರ್ ೨೩, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತೇ? ಕಂಬ ಹತ್ತಲು ಹುಡುಗರು ಸಿಕ್ಕಿದರೋ, ಇನ್ನೂ ನೀನೇ ಹತ್ತುತ್ತಿದ್ದೀಯೋ? ಹತ್ತುವುದಾದರೆ ಸೊಂಟಕ್ಕೆ ಬೆಲ್ಟ್ ಕಟ್ಟಿಕೋ. ‘ಇಷ್ಟೆತ್ತರಕ್ಕೆಲ್ಲ ಬೆಲ್ಟ್ ಯಾಕೆ’ ಎನ್ನಬೇಡ. ಅಮ್ಮ ಚೆನ್ನಾಗಿದ್ದಾಳೆ. ಅಡುಗೆಮನೆಯಲ್ಲಿ ನೀನು ಹೊಸ ಸ್ವಿಚ್ ಹಾಕಿಕೊಟ್ಟು ಹೋದ ಮೇಲೂ ಗೋಡೆಯ ಹಳೆಯ ಜಾಗವನ್ನೇ ತಡಕಾಡಿ, ನಿನ್ನನ್ನು ಬೈದು, ಆಮೇಲೆ ಹೊಸದನ್ನು ಒತ್ತುತ್ತಾಳೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲವೆಂದು ನಿನಗೆ ಗೊತ್ತು. ನೀನು ‘ಹ್ಞೂಂ, ಆಮೇಲೆ?’ ಎಂದರೆ ಸಾಕು, ಆಮೇಲಿನದೆಲ್ಲ ಮರೆತುಹೋಗುತ್ತದೆ. ಅದಕ್ಕೇ ಈ ಕಾಗದ.

ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ. ದೇವಯಾನಿ ಗೆಲಾಕ್ಸಿ ಕ್ಯಾಮೆರಾಗೆ ಸಿಕ್ಕಿತು. ಅಮಾವಾಸ್ಯೆಯ ಆಸುಪಾಸು ಆಕಾಶ ತೊಳೆದಿಟ್ಟಂತಿತ್ತು. ಒಂದೇ ಜಾಗದ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿದೆ. ಒಂದೊಂದರಲ್ಲೂ ಇದೆಯೋ ಇಲ್ಲವೋ ಎನ್ನುವಂತಿದ್ದ ಬೆಳಕು ಒಟ್ಟುಗೂಡಿ ಓರೆಯಾದ ಒಂದು ತಟ್ಟೆಯಾಗಿ ಎದ್ದಿತು. ಅಂಚಿನಲ್ಲಿ ಕಪ್ಪು ಗೆರೆಯೂ ಇದೆ, ಸುಳ್ಳಲ್ಲ. ಅಮ್ಮನಿಗೆ ತೋರಿಸಿದರೆ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು, “ಇಷ್ಟೆಲ್ಲ ನಿದ್ದೆಗೆಟ್ಟು ಒಂದು ಚೂರು ಹತ್ತಿ ಹಿಡಿದ್ಯಲ್ಲೇ!” ಎಂದಳು. ನೀನಿದ್ದಿದ್ದರೆ ಇದಕ್ಕಿಂತ ಕೆಟ್ಟದಾಗಿ ಏನಾದರೂ ಹೇಳುತ್ತಿದ್ದೆ ಎಂದುಕೊಂಡು ನಕ್ಕೆ. ಆಗ ನನಗಿನ್ನೂ ಏನೂ ಗೊತ್ತಿರಲಿಲ್ಲ.

ಅಷ್ಟು ಕಡಿಮೆ ಸಾಮಾನಿನಲ್ಲಿ ಅಂಥ ಚಿತ್ರ ಬಂದದ್ದು ನಿನ್ನಿಂದಲೇ, ಅದನ್ನು ಇಲ್ಲವೆನ್ನುವುದಿಲ್ಲ. ಎಲ್ಲರಂತೆ ನಾನೂ ಟೆಲಿಸ್ಕೋಪಿಗೇ ಆಸೆಪಟ್ಟಿದ್ದೆ. ನೀನು ಒಂದು ವಾರ ಎಲ್ಲೆಲ್ಲೋ ಓದಿ, ಯಾರು ಯಾರನ್ನೋ ಕೇಳಿ ಬಂದು, “ದೊಡ್ಡ ಕಣ್ಣು ಆಮೇಲೆ ಕಣೇ ಗೂಬೆ, ಮೊದ್ಲು ಕತ್ತು ಗಟ್ಟಿ ಇರ್ಲಿ” ಎಂದೆ. ಹಾಗಾಗಿ ಕರಡು ತಿದ್ದಿ ನಾನು ಕೂಡಿಸಿದ್ದ ಹಣವೆಲ್ಲ ಚುಕ್ಕೆಗಳ ಜೊತೆಗೇ ಕ್ಯಾಮೆರಾ ತಿರುಗಿಸುವ ಆ ಸಣ್ಣ ಮೋಟರು ಪೆಟ್ಟಿಗೆಗೆ ಹೋಯಿತು. ಮದುವೆ ಫೋಟೋ ತೆಗೆಯುವವರು ಮೂಲೆಗೆಸೆದಿದ್ದ ಕ್ಯಾಮೆರಾ, ಕೈಯಲ್ಲೇ ತಿರುಗಿಸಬೇಕಾದ ಹಳೆಯ ಲೆನ್ಸು, ಭೂಮಾಪಕರ ಮರದ ಮೂರುಕಾಲಿನ ಸ್ಟ್ಯಾಂಡು ಎಲ್ಲವೂ ನೀನು ಹುಡುಕಿ ತಂದದ್ದು. ಗಾಳಿಗೆ ಅಲುಗಬಾರದೆಂದು ಸ್ಟ್ಯಾಂಡಿನ ನಡುವೆ ನಟ್ಟು ಬೋಲ್ಟುಗಳ ಚೀಲವನ್ನು ನೀನೇ ತೂಗುಹಾಕಿದೆ. ಲೆನ್ಸಿನ ಮೇಲೆ ಇಬ್ಬನಿ ಕೂರದಿರಲೆಂದು ಬಿಸಿಯಾಗುವ ರೆಸಿಸ್ಟರುಗಳನ್ನು ಸಾಲಾಗಿ ಬೆಸೆದು ನಿನ್ನದೇ ಕಾಲುಚೀಲದೊಳಗೆ ನೀನೇ ಹೊಲಿದೆ. “ಕ್ಯಾಮೆರಾಗೂ ಮಫ್ಲರಾ?” ಎಂದು ಅಮ್ಮ ಕೇಳಿದ್ದು ನೆನಪಿರಬೇಕು. ಬೀದಿದೀಪದ ಬೆಳಕು ಸೋಸುವ ಫಿಲ್ಟರನ್ನು ಮಾತ್ರ ನೀನು ಬೇಡವೆಂದೆ. “ಹಿಂದ್ಗಡೆ ಅಷ್ಟು ಕತ್ತಲಿದ್ಯಲ್ಲ, ಅದು ದಂಡ. ಬ್ಯಾಟರಿ ತಗೋ.” ನಿನ್ನ ಮಾತಿಗೆ ನಾನು ಎರಡನೆಯ ಮಾತಾಡಿದವಳೇ ಅಲ್ಲ.

ಮೊನ್ನೆ ಬಟ್ಟೆ ಒಣಹಾಕಲು ಚಾವಣಿಗೆ ಹೋದಾಗ ಹಿಂದಿನ ಗೋದಾಮಿನ ಅಂಗಳದಲ್ಲಿ, ನಮ್ಮ ಗೋಡೆಗೆ ಒತ್ತಿಕೊಂಡಂತೆ, ಆಳವಾದ ಗುಂಡಿ ತೋಡುತ್ತಿದ್ದರು. ಪಕ್ಕದಲ್ಲಿ ಉದ್ದನೆಯ ಕಬ್ಬಿಣದ ಕಂಬ ಮಲಗಿತ್ತು. ತುದಿಗೆ ನಾಲ್ಕು ದೊಡ್ಡ ದೀಪಗಳಂತೆ. ಗುಂಡಿಯ ನೇರಕ್ಕೆ ಗೋಡೆಯ ಮೇಲೊಂದು ಕೆಂಪು ಬಣ್ಣದ ಗುರುತಿತ್ತು. ಆ ಗುರುತು ನನಗೆ ಗೊತ್ತಿತ್ತು ಅಣ್ಣಾ. ನೀನು ಹೊರಡುವ ಮುಂಚಿನ ತಿಂಗಳು ನನ್ನನ್ನು ಚಾವಣಿಯಲ್ಲಿ ನಿಲ್ಲಿಸಿ, ಅಳತೆ ಟೇಪಿನ ತುದಿ ಕೈಗೆ ಕೊಟ್ಟು, ಕೆಳಗಿಳಿದು ಆ ಗೋಡೆಯವರೆಗೂ ಎಳೆದು ಅಲ್ಲಿ ಆ ಗುರುತು ಹಾಕಿದೆಯಲ್ಲ. ‘ಅಷ್ಟು ದೂರ ಯಾಕಣ್ಣಾ’ ಎಂದು ಕೇಳಿದ್ದೆ. “ನಿನ್ನ ಧ್ರುವ ಎಷ್ಟು ಕೆಳಗಿದೆ ನೋಡ್ಬೇಕಲ್ಲ, ಸುಮ್ನೆ ಗಟ್ಟಿಯಾಗಿ ಹಿಡ್ಕೋ” ಎಂದೆ. ನಮ್ಮ ಆಕಾಶದಲ್ಲಿ ಧ್ರುವ ನಕ್ಷತ್ರ ಆ ಗೋಡೆಯ ಮೇಲೆ ತೀರ ತಗ್ಗಿನಲ್ಲಿ ನಿಲ್ಲುತ್ತದೆ. ಮೋಟರು ಪೆಟ್ಟಿಗೆಯನ್ನು ಅದಕ್ಕೆ ಗುರಿಯಿಟ್ಟು ಹೊಂದಿಸದಿದ್ದರೆ ಚುಕ್ಕೆಗಳೆಲ್ಲ ಅಕ್ಕಿಕಾಳಿನಂತೆ ಉದ್ದವಾಗುತ್ತವೆ. ನನಗಾಗಿಯೇ ಅಳೆಯುತ್ತಿದ್ದೀಯೆಂದು, ಕೈ ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಆ ಕಂಬ ಎದ್ದರೆ ಧ್ರುವ ಅದರ ಹಿಂದೆ ಹೋಗುತ್ತದೆ. ದೀಪ ಹತ್ತಿದರೆ ಧ್ರುವವೇನು, ಯಾವುದೂ ಇಲ್ಲ.

ಅಮ್ಮನನ್ನು ಕೇಳಿದೆ. ಒಂದಿಷ್ಟೂ ಅಳುಕಿಲ್ಲದೆ, “ಹ್ಞೂಂ, ನಿಮ್ಮಣ್ಣಂದೇ ಕಾಂಟ್ರ್ಯಾಕ್ಟು. ಎಷ್ಟು ದೊಡ್ಡ ಕೆಲಸ ಗೊತ್ತಾ! ನಿಂಗೆ ಹೇಳ್ಬೇಡ ಅಂದಿದ್ದ, ಎಲ್ಲಿ ಮುಖ ಊದಿಸ್ಕೊಂಡು ಕೂರ್ತಾಳೋ ಅಂತ” ಎಂದು ಹೇಳಿ ಪಾತ್ರೆ ತೊಳೆಯಲು ಹೋದಳು. ಅಂದರೆ ಈ ಮನೆಯಲ್ಲಿ ಗೊತ್ತಿಲ್ಲದಿದ್ದವಳು ನಾನೊಬ್ಬಳೇ. ಆ ಕಾಲುಚೀಲ ಹೊಲಿದದ್ದು ಟೇಪು ಹಿಡಿಸಿದ ಮೇಲೆ. ಫಿಲ್ಟರು ದಂಡ ಎಂದದ್ದೂ ಆಮೇಲೆಯೇ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಏನೆಂದು ಪರೀಕ್ಷೆಯಲ್ಲಿ ಅರ್ಧ ಪುಟ ವಿವರಿಸಿದ್ದೆ. ಆಗ ನನಗೆ ಅರ್ಥವೇ ಆಗಿರಲಿಲ್ಲ.

ದೀಪ ಬೇಡವೆಂದು ಹೇಳುತ್ತಿಲ್ಲ. ಗೋದಾಮಿನಲ್ಲಿ ಮೂಟೆ ಹೊರುವವರು ಕತ್ತಲಲ್ಲಿ ಎಡವುವುದನ್ನು ನಾನೇ ಮೇಲಿನಿಂದ ನೋಡಿದ್ದೇನೆ. ಜಾಗವೂ ಅವರು ಹೇಳಿದ್ದೇ ಇರಬಹುದು, ಅದು ನಿನ್ನ ಕೈಯಲ್ಲಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ‘ಹೀಗಾಗಿದೆ, ಏನು ಮಾಡೋಣ’ ಎಂದು ಒಂದು ಮಾತು ಕೇಳಬಹುದಿತ್ತು. ನಾಲ್ಕು ಜನರೆದುರು ಬಾಯಿ ಬಿಡಲಾರದ ನನಗೆ ‘ಈಗೇನು ಮಾಡ್ಕೊಂಡಿದ್ದೀಯ, ಮುಂದೇನು’ ಎಂದು ಯಾರೂ ಕೇಳದ ಜಾಗ ಈ ಚಾವಣಿಯೊಂದೇ ಎಂದು ಗೊತ್ತಿದ್ದವನು ನೀನೊಬ್ಬನೇ. ಬೇರೆ ಯಾರೇ ದೀಪ ಹಾಕಿದ್ದರೂ ನಿನ್ನ ಹತ್ತಿರ ಬಂದು ಅಳುತ್ತಿದ್ದೆ. ಈಗ ಯಾರ ಹತ್ತಿರ ಹೋಗಲಿ, ನೀನೇ ಹೇಳು.

ಊಟ ಬಿಡಬೇಡ. ಭುಜಕ್ಕೆ ಬಿಸಿನೀರಿನ ಶಾಖ ಕೊಡು, ಎಣ್ಣೆಯೊಂದರಿಂದಲೇ ಆಗುವುದಿಲ್ಲ. ಅಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಈ ಕಾಗದದಲ್ಲಿ ಏನಿದೆಯೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಂತಿ,
ನಿನ್ನ ತಂಗಿ

ತಾ.ಕ.: ಕವರು ಅಂಟಿಸುವ ಮೊದಲು ಕೆಳಗೆ ಹೋಗಿ ಗುಂಡಿಯ ಹತ್ತಿರದ ಮೇಸ್ತ್ರಿಯನ್ನು ನಾನೇ ಮಾತಾಡಿಸಿದೆ. ಎರಡು ಸಲ ಕೇಳಬೇಕಾಯಿತು. ಗೋದಾಮಿನವರು ಹೇಳಿದ್ದ ಜಾಗ ಆಚೆ ಗೇಟಿನ ಮೂಲೆಯಂತೆ. “ಇಲ್ಲಾದ್ರೆ ಕೇಬಲ್ ಉಳಿಯುತ್ತೆ ಅಂತ ನಿಮ್ಮಣ್ಣನೇ ಇಲ್ಲಿಗೆ ತಂದಿದ್ದು ಕಣಮ್ಮಾ” ಎಂದರು. ಮೇಲೆ ನಿನ್ನ ಪರವಾಗಿ ಬರೆದದ್ದನ್ನು ಹೊಡೆದುಹಾಕಿಲ್ಲ, ಓದಿಕೋ. ಕಾಂಕ್ರೀಟ್ ಹಾಕುವುದು ಮುಂದಿನ ತಿಂಗಳ ಮೊದಲ ವಾರ. ಅಷ್ಟರೊಳಗೆ ನೀನು ಒಂದು ಮಾತು ಹೇಳಿದರೆ ಈ ಗುಂಡಿ ಮುಚ್ಚಿ ಗೇಟಿನ ಮೂಲೆಯಲ್ಲೇ ತೋಡುತ್ತಾರಂತೆ, ದೀಪಗಳಿಗೆ ಈ ಕಡೆಯಿಂದ ತಗಡಿನ ಮರೆಯನ್ನೂ ಕಟ್ಟಬಹುದಂತೆ. ಇದುವರೆಗೆ ನಿನ್ನನ್ನು ಏನೂ ಕೇಳಿದವಳಲ್ಲ, ಕೇಳುವ ಮೊದಲೇ ನೀನೇ ತಂದುಕೊಡುತ್ತಿದ್ದೆ. ಈಗ ಕೇಳುತ್ತಿದ್ದೇನೆ. ಫೋನ್ ಮಾಡು. ನನಗಲ್ಲ, ಮೇಸ್ತ್ರಿಗೆ.