ಮೀನು ತಿನ್ನದ ಅಕ್ಕ, ತಂಗಿ

ಗಂಗೊಳ್ಳಿ ತೇಲೂರು
೨೧೮೭, ಫೆಬ್ರವರಿ ಮೂವತ್ತು

ಸುಗಂಧಿ ಅಜ್ಜಿಗೆ,

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದು ಬೆರಗಾಗಬೇಡಿ, ನಮ್ಮ ಪಂಚಾಂಗವೇ ಹಾಗೆ. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕೇಳಿಸೀತು, ಮನ್ನಿಸಿ. ನಾನು ತರಳಾ, ನಿಮ್ಮ ತಂಗಿ ವಾರಿಜಳ ಮರಿಮಗಳ ಮಗಳು. ಈ ಪತ್ರ ಹೇಗಾದರೂ ನಿಮ್ಮ ಕಾಲಕ್ಕೆ ಮುಟ್ಟುವುದಾದರೆ ಆಗ ನಿಮಗೆ ಮೂವತ್ತು ವರ್ಷ, ನನಗೋ ಅರವತ್ತೇಳು. ಆದರೂ ನೀವೇ ಅಜ್ಜಿ.

ತೇಲೂರು ಎಂದರೆ ಮುಳುಗಿದ ಹಳೆಯ ಊರಿನ ಮೇಲೆ ತೇಲುವ ನಮ್ಮ ಮನೆಗಳು. ಬೆಳಗಾದರೆ ಅಲೆಯ ಬೆಳಕು ಮಾಡಿನೊಳಗೆಲ್ಲ ಓಡಾಡುತ್ತದೆ. ಅದನ್ನೇ ನೋಡುತ್ತ ಇವತ್ತು ನನ್ನ ಮೊಮ್ಮಗ ಹಾಲು ಕುಡಿದ. ಅವನಿಗೆ ಮೂರು ದಿನ. ಹುಟ್ಟಿದ ಕೂಡಲೇ ಅವನ ಹೊಕ್ಕುಳಬಳ್ಳಿಗೆ ತಿದ್ದುಹನಿ ಬಿಟ್ಟರು. ಲಿವರಿನ ಜೀನಿನಲ್ಲಿ ತಪ್ಪಾಗಿ ಬರೆದುಹೋದ ಒಂದಕ್ಷರವನ್ನು ಆ ಹನಿ ಸರಿಮಾಡುತ್ತದೆ. ಮಗು ಒಮ್ಮೆ ಆಕಳಿಸಿತು, ಅಷ್ಟೇ.

ನಿಮ್ಮ ಕಾಲದಲ್ಲಿ ಆ ಹನಿ ಇರಲಿಲ್ಲ. ನಿಮ್ಮ ಇಬ್ಬರು ಗಂಡುಮಕ್ಕಳೂ ಹುಟ್ಟುವಾಗ ಗಟ್ಟಿಮುಟ್ಟಾಗಿದ್ದರಂತೆ. ಮರುದಿನ ಹಾಲು ಕುಡಿಯುವುದನ್ನು ನಿಲ್ಲಿಸಿದರು, ಏದುಸಿರು ಬಿಡುತ್ತ ನಿದ್ದೆಹೋದರು, ಮತ್ತೆ ಏಳಲಿಲ್ಲ. ಊರು ನಾಗದೋಷವೆಂದಿತು. ಎರಡನೆಯ ಮಗುವಿನ ರಕ್ತದಲ್ಲಿ ಅಮೋನಿಯ ಏರಿದ್ದನ್ನು ಕಂಡ ಡಾಕ್ಟರಮ್ಮ ಮಾತ್ರ ನಿಮ್ಮನ್ನು ಕೂರಿಸಿಕೊಂಡು, ಮೀನು ತಿಂದರೆ ನಿಮಗೇನಾಗುತ್ತದೆ ಎಂದು ಕೇಳಿದರು. ಮೀನುಗಾರರ ಮನೆಯ ಹೆಣ್ಣಾಗಿಯೂ ಮೀನು ಸೇರುವುದಿಲ್ಲ, ತಿಂದ ದಿನ ತಲೆ ಸಿಡಿಯುತ್ತದೆ, ತಂಗಿಗೂ ಹಾಗೇ ಎಂದಿರಿ. ಆಮೇಲೆ ನಿಮ್ಮ ಜೀನ್ ಪರೀಕ್ಷೆಯಾಯಿತು. ಮೀನಿನಂಥ ಆಹಾರದಿಂದ ಹುಟ್ಟುವ ಅಮೋನಿಯವನ್ನು ಲಿವರು ಕಳೆಯಲಾರದ ದೋಷ ಅದು; ಹೆಣ್ಣಿಗೆ ತಲೆನೋವು, ಗಂಡುಮಗುವಿಗೆ ಸಾವು. ಅದು ನಿಮಗೆ ನಿಮ್ಮ ತಾಯಿಯಿಂದ ಬಂದದ್ದೆಂದೂ ತಂಗಿಯಲ್ಲೂ ಇರಬಹುದೆಂದೂ ತಿಳಿಯಿತು.

ವಾರಿಜ ಆಗ ಐದು ತಿಂಗಳ ಬಸುರಿ. ಬಾಯಿಬಿಟ್ಟರೆ ತಂಗಿಯ ಸಂಸಾರ ಒಡೆದೀತು ಎಂದು ನಿಮ್ಮತ್ತೆ ತಡೆದರು. ನೀವು ಬಸ್ಸು ಹತ್ತಿ ಅವಳಿದ್ದ ಮರವಂತೆಗೆ ಹೋದಿರಿ.

"ನನ್ನ ಹೊಟ್ಟಿಲಿಪ್ಪು ಮಗಿಗೆ ಅಪಶಕುನ ಹೇಳುಕೆ ಬಂದ್ಯಾ ಅಕ್ಕ?" ಎಂದಳು ವಾರಿಜ.

"ನಂಗೆ ಹೇಳುಕೆ ಯಾರೂ ಇರ್ಲಿಲ್ಲ. ನಿಂಗೆ ನಾನಿದ್ನಲ್ಲ," ಎಂದಿರಿ ನೀವು.

ಅವಳು ಬಾಗಿಲು ಹಾಕಿಕೊಂಡಳು. ಎರಡು ತಿಂಗಳು ಮಾತಿಲ್ಲ. ಏಳನೆಯ ತಿಂಗಳಲ್ಲಿ ಗಂಡನನ್ನು ಕರೆದುಕೊಂಡು ತಾನೇ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟಳು. ಅವಳಲ್ಲೂ ಅದೇ ದೋಷವಿತ್ತು. ಹಾಗಾಗಿ ಹೆರಿಗೆಯ ದಿನ ಡಾಕ್ಟರಮ್ಮ ಮದ್ದು ಹಿಡಿದೇ ಕಾದಿದ್ದರು. ಗಂಡುಮಗು. ಮೊದಲ ಹಾಲಿಗೂ ಮುಂಚೆ ಮದ್ದು ಶುರುವಾಯಿತು. ವರ್ಷ ತುಂಬುವುದರೊಳಗೆ ಅಪ್ಪನ ಲಿವರಿನ ಒಂದು ತುಂಡನ್ನು ಅವನಿಗೆ ಜೋಡಿಸಿದರು. ಅವನೇ ನನ್ನ ಅಜ್ಜಿಯ ಅಪ್ಪ. ಎಪ್ಪತ್ತೆಂಟು ವರ್ಷ ಬಾಳಿದ, ದೋಣಿ ಕಟ್ಟಿದ, ಕೊನೆಗಾಲದಲ್ಲಿ ತುಸು ಮುಂಗೋಪಿಯಾಗಿದ್ದನಂತೆ.

ನೀವು ಮತ್ತೆ ಬಸಿರಾಗಲಿಲ್ಲ. ‘ನನ್ನ ಬಳಿಕ ಯಾರೂ ಇಲ್ಲ’ ಎಂದು ನೀವು ಯಾವತ್ತೋ ಅಂದಿದ್ದಿರಂತೆ. ಇವತ್ತು ನಾವು ನಲವತ್ತೊಂದು ಮಂದಿ ಇದ್ದೇವೆ.

ಒಂದು ಕೋರಿಕೆ. ಮಗುವಿನ ನಾಮಕರಣದ ದಿನ ಮನೆತನದವರ ಹೆಸರನ್ನೆಲ್ಲ ಗಟ್ಟಿಯಾಗಿ ಓದುವುದು ನಮ್ಮ ರೂಢಿ. ನಿಮ್ಮ ಹೆಸರಾದ ಮೇಲೆ ಓದುವವರು ಎರಡು ಉಸಿರಿನಷ್ಟು ಸುಮ್ಮನಾಗುತ್ತಾರೆ. ಹೆಸರಿಡುವ ಮುಂಚೆಯೇ ಹೋದ ಆ ಇಬ್ಬರು ಮಕ್ಕಳನ್ನು ನೀವು ಮನಸ್ಸಿನಲ್ಲಿ ಏನೆಂದು ಕರೆದಿದ್ದಿರಿ? ಕನಸಿನಲ್ಲಾದರೂ ಬಂದು ಹೇಳಿ. ನಾಮಕರಣಕ್ಕೆ ಇನ್ನೂ ಒಂಬತ್ತು ದಿನವಿದೆ.

ನಿಮ್ಮ
ತರಳಾ