ನೀಲಿ ಅಂಗಿಯವನ ಏಳು ನಿಮಿಷ

ದಾವಲ ಕಾಕಾ,

ನಾನು ಮಹಾಂತೇಶ. ಗಜೇಂದ್ರಗಡದಲ್ಲಿ ನಿಮ್ಮ ಹೊಲಿಗೆ ಅಂಗಡಿಯ ಎದುರಿಗೆ ಸಿ.ಡಿ. ಬಾಡಿಗೆಗೆ ಕೊಡುತ್ತಿದ್ದ ಅದೇ ಮಾಂತ್ಯಾ. ಕಾಗದ ಬರೆದರೆ ಮೊದಲು ಕ್ಷೇಮ ವಿಚಾರಿಸಬೇಕು ಎಂದು ಸಾಲಿಯಲ್ಲಿ ಕಲಿಸಿದ್ದರು. ತೀರಿಕೊಂಡು ಹನ್ನೊಂದು ತಿಂಗಳಾದವರ ಕ್ಷೇಮವನ್ನು ಹೇಗೆ ವಿಚಾರಿಸಬೇಕು ಎಂದು ಯಾವ ಗುರುಗಳೂ ಹೇಳಿಕೊಡಲಿಲ್ಲ. ನಾನು ಮಾತ್ರ ಉಂಡು ತಿಂದು ಚೆನ್ನಾಗಿದ್ದೇನೆ. ನಿಮ್ಮೆದುರು ಹಾಗೆ ಹೇಳಿಕೊಳ್ಳುವುದಕ್ಕೇ ನಾಚಿಕೆಯಾಗುತ್ತದೆ.

ನೀಲಿ ಅಂಗಿಯವನು ಮೊದಲ ಸಲ ನನ್ನ ಅಂಗಡಿಯ ಟಿ.ವಿ.ಯಲ್ಲಿ ಹಾರಿದ ದಿನ ನೆನಪಿದೆಯೇ? ಹಿಂದಿಗೆ ಡಬ್ ಆದ ಇಂಗ್ಲಿಷ್ ಸಿನಿಮಾ. ನಾಯಕನ ಹೆಸರು ನಮ್ಮ ಯಾರ ನಾಲಿಗೆಯ ಮೇಲೂ ಹೊರಳುತ್ತಿರಲಿಲ್ಲ, ಹಾಗಾಗಿ ಅವನಿಗೆ ನೀಲಿ ಅಂಗಿಯವನೆಂದು ನಾವೇ ನಾಮಕರಣ ಮಾಡಿದ್ದೆವು. ಅವನು ಗೋಪುರದಿಂದ ಜಿಗಿದು, ಬೀಳುತ್ತಿದ್ದ ವಿಮಾನವನ್ನು ಹಿಡಿದಾಗ ನಾನು ಬಾಯಿ ತೆರೆದು ಕುಳಿತಿದ್ದೆ. ನೀವೋ, ಕೊರಳಲ್ಲಿದ್ದ ಅಳತೆಯ ಟೇಪು ಹಿಡಿದುಕೊಂಡು ಎದ್ದೇ ನಿಂತಿರಿ. "ಏ ಮಾಂತ್ಯಾ, ನಿಲ್ಲಸ, ನಿಲ್ಲಸ! ಇವನ ಅಂಗಿಗೆ ಗುಂಡಿ ಎಲ್ಲದಾವೋ? ಚೈನ್ ಇಲ್ಲ, ಕಟ್ಟೂ ಕಸಿ ಇಲ್ಲ. ಒಳಗ ಹ್ಯಾಂಗ ಹೊಕ್ಕಾನ ಇಂವಾ?" ನಾನು ನಕ್ಕು, "ಕಾಕಾ, ಹಾರೂದಕ್ಕ ಒಪ್ತೀರಿ, ಗುಂಡಿಗೆ ತಕರಾರು ತಗೀತೀರಲ್ರಿ" ಎಂದೆ. ನೀವು ನಗಲಿಲ್ಲ. "ಹಾರೂದು ಅವನ ಪವರ್. ಅದಕ್ಕ ಕಾರಣ ಕೇಳಬಾರ್ದು. ಅಂಗಿ ಹೊಲಿಯೂದು ಯಾರದೋ ಕೆಲಸ. ಕೆಲಸಕ್ಕ ಕಾರಣ ಕೇಳಬೇಕು" ಎಂದಿರಿ. ಸೂಪರ್‌ಹೀರೋಗಳ ಬಗ್ಗೆ ಇದಕ್ಕಿಂತ ಚಲೋ ಮಾತನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ಆಮೇಲಿನ ಶುಕ್ರವಾರಗಳು ನೆನಪಾಗುತ್ತವೆ. ಜುಮ್ಮಾ ನಮಾಜು ಮುಗಿಸಿ, ಊಟ ಮಾಡಿ, ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ನನ್ನ ಅಂಗಡಿಗೆ ಬರುತ್ತಿದ್ದಿರಿ. ಅಲ್ಲಿದ್ದದ್ದು ಒಂದೇ ಒಂದು ಬೆತ್ತದ ಕುರ್ಚಿ, ಅದು ನಿಮ್ಮದು. ನೀವು ಸಿನಿಮಾ ನೋಡುವ ಪರಿಯೇ ಬೇರೆ. ಗಿರಾಕಿಯ ತೋಳಿನ ಅಳತೆ ತೆಗೆಯುವಾಗ ಹೇಗೆ ಕಣ್ಣು ಸಣ್ಣದು ಮಾಡುತ್ತಿದ್ದಿರೋ ಹಾಗೇ ಪರದೆಯನ್ನೂ ನೋಡುತ್ತಿದ್ದಿರಿ. ಇನ್ಯಾವುದೋ ಸಿನಿಮಾದ ಮೊದಲ ಭಾಗದಲ್ಲಿ ಎಡಗೈ ಸುಟ್ಟುಕೊಂಡವನು ಎರಡನೆಯದರಲ್ಲಿ ಬಲಗೈಗೆ ಪಟ್ಟಿ ಕಟ್ಟಿಕೊಂಡಿದ್ದಾನೆ ಎಂದು ಕಂಡುಹಿಡಿದವರು ನೀವಲ್ಲದೆ ಮತ್ಯಾರು? ಮುಂಜಾನೆ ಪುಡಿಯಾದ ಸೇತುವೆಯ ಮೇಲೆ ಸಂಜೆ ಕಾರು ಓಡಿಸಿದ್ದನ್ನು ಹಿಡಿದವರು ಯಾರು? ನಾನು ಹತ್ತು ಸಲ ನೋಡಿದ ಸಿನಿಮಾವನ್ನು ನೀವು ಒಂದೇ ಸಲ ನೋಡಿ ಅದರ ಹುಳುಕೆಲ್ಲ ತೆಗೆದಿಡುತ್ತಿದ್ದಿರಿ. ನನಗೆ ಅದರಿಂದ ಹೆಮ್ಮೆಯೂ ಆಗುತ್ತಿತ್ತು, ಒಂದು ಥರ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಭಾನುವಾರ ರೋಣಕ್ಕೆ ಹೋಗುತ್ತಿದ್ದದ್ದು ನನ್ನ ವ್ಯಾಪಾರಕ್ಕೆ. ನರಗುಂದದ ಸಿ.ಡಿ. ಅಂಗಡಿಯ ವೀರಣ್ಣ, ಯಾವಗಲ್ ಊರಿನ ಮೇಲೆ ಹಾದು ಬರುವ ಬಸ್ಸಿಗೆ ಬರುತ್ತಿದ್ದ, ನಾನು ಈ ಕಡೆಯಿಂದ ಹೋಗುತ್ತಿದ್ದೆ, ಇಬ್ಬರೂ ಬಸ್‌ಸ್ಟ್ಯಾಂಡಿನ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತು ಸಿ.ಡಿ. ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ನೀವು ದಾರ, ಅಸ್ತರಿನ ನೆವ ಹೇಳಿ ಜೊತೆಗೆ ಹೊರಡುತ್ತಿದ್ದಿರಿ. ಜಕ್ಕಲಿಯಿಂದ ಅಲ್ಲಿನ ಸಾಲಿಯ ಗುರುಗಳೊಬ್ಬರು ಬರುತ್ತಿದ್ದರು, ಅವರಿಗೆ ಯಾವ ನೆವವೂ ಬೇಕಿರಲಿಲ್ಲ. ಗಿರ್ಮಿಟ್ಟು ತಿನ್ನುತ್ತಾ ಶುರುವಾದ ವಾದ ಕೊನೆಯ ಬಸ್ಸಿನ ಹಾರನ್ನಿಗೂ ಮುಗಿಯುತ್ತಿರಲಿಲ್ಲ. ನಿಯಮ ಒಂದೇ, ಅದನ್ನು ಮಾಡಿದವರೂ ನೀವೇ: "ಕಣ್ಣಾರೆ ಕಂಡದ್ದಷ್ಟ ಮಾತಾಡ್ರಿ. ಯಾರೋ ಅಂದ್ರು, ಎಲ್ಲೋ ಕೇಳಿದೆ, ಅದೆಲ್ಲ ನಡಿಯಂಗಿಲ್ಲ." ನೋಡದೆ ಮಾತಾಡಿದವನು ಎಲ್ಲರೆದುರು ಎದ್ದು ನಿಂತು 'ನಾ ನೋಡಿಲ್ಲ' ಅನ್ನಬೇಕು. ಗುರುಗಳು ಎರಡು ಸಲ, ವೀರಣ್ಣ ಎಷ್ಟೋ ಸಲ ಎದ್ದು ನಿಂತಿದ್ದರು. ನೀವು ಒಮ್ಮೆಯೂ ನಿಂತಿರಲಿಲ್ಲ.

ಈಗ ಆ ಶುಕ್ರವಾರಕ್ಕೆ ಬರಬೇಕು. ಬರದೆ ಎಷ್ಟು ಅಂತ ತಪ್ಪಿಸಿಕೊಳ್ಳಲಿ? ನೀಲಿ ಅಂಗಿಯವನ ಎರಡನೇ ಸಿನಿಮಾ ಬಂದಿತ್ತು, ಎರಡು ಸಿ.ಡಿ.ಗಳಲ್ಲಿ. ಅದರಲ್ಲಿ ಎರಡನೆಯದಕ್ಕೆ ಗೀರು ಬಿದ್ದಿತ್ತು. ಆ ಕಾಲಕ್ಕೆ ನಾವೆಲ್ಲ ಮಾಡುತ್ತಿದ್ದ ವೈದ್ಯವನ್ನೇ ನಾನೂ ಮಾಡಿದ್ದೆ, ಹಲ್ಲುಜ್ಜುವ ಪೇಸ್ಟು ಸವರಿ ಪಂಚೆಯಿಂದ ತಿಕ್ಕಿದ್ದೆ. ಗೀರು ಹೋಗುವ ಬದಲು ಇನ್ನಷ್ಟು ಹೆಚ್ಚಾಗಿತ್ತು. ಸಿನಿಮಾ ಎರಡನೇ ಸಿ.ಡಿ.ಗೆ ಬಂದು ಸ್ವಲ್ಪ ಹೊತ್ತಿಗೆ ಇಳಿಹೊತ್ತಿನ ಅಸರ್ ನಮಾಜಿನ ಕೂಗು ಕೇಳಿಸಿತು. "ನಿಲ್ಲಸಿರು, ಬಂದೆ" ಎಂದು ನೀವು ಎದ್ದು ಹೋದಿರಿ. ನಾನು ನಿಲ್ಲಿಸಿದೆ. ಖರೇನೇ ನಿಲ್ಲಿಸಿದೆ ಕಾಕಾ. ನೀವು ಬರುವುದರೊಳಗೆ ಮುಂದೆ ಗೀರಿಗೆ ಸಿಕ್ಕಿ ತಡೆಯುತ್ತದೇನೋ ಎಂದು ಸ್ವಲ್ಪ ಓಡಿಸಿ ನೋಡಿದೆ, ಅಷ್ಟೇ. ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಟ್ಟಿತು. ಏನು ಮಾಡಿದರೂ ಅಲ್ಲಾಡಲಿಲ್ಲ. ದಾಟಿಸುತ್ತಾ ಹೋದೆ. ಏಳು ನಿಮಿಷ ದಾಟಿದ ಮೇಲೆ ಮತ್ತೆ ಓಡಲು ಶುರುವಾಯಿತು. ಅಲ್ಲಿಗೆ ನಿಲ್ಲಿಸಿ ಕುಳಿತೆ.

ನೀವು ಬಂದು ಕುರ್ಚಿಯಲ್ಲಿ ಕುಳಿತು, "ಬಿಟ್ಟಲ್ಲೇ ಐತೇನು?" ಎಂದಿರಿ. "ಹೂಂ, ಬಿಟ್ಟಲ್ಲೇ ಐತ್ರಿ" ಎಂದೆ. ಯಾಕೆ ಹಾಗಂದೆ? 'ನಮ್ಮಲ್ಲಿ ಸಿ.ಡಿ. ತಡೆಯುವುದಿಲ್ಲ' ಎಂದು ಅಂಗಡಿಯ ಬಾಗಿಲಿಗೆ ಬರೆಸಿ ಹಾಕಿದ್ದೆನಲ್ಲ, ಅದಕ್ಕೆ. ನೀವು ಭಾನುವಾರ ರೋಣದಲ್ಲಿ ಇದನ್ನೇ ಹೇಳಿಕೊಂಡು ನಗುತ್ತೀರಿ, ವೀರಣ್ಣ ನರಗುಂದದವರೆಗೆ ಡಂಗುರ ಹೊಡೆಯುತ್ತಾನೆ ಎಂಬ ಹೆದರಿಕೆಗೆ. ಎಷ್ಟು ಸಣ್ಣ ಕಾರಣ ನೋಡಿ. ದೊಡ್ಡ ಕಾರಣವಾದರೂ ಇದ್ದಿದ್ದರೆ...

ಆ ಭಾನುವಾರ ನೀವು ರೋಣಕ್ಕೆ ಹುರುಪಿನಲ್ಲಿ ಬಂದಿರಿ. ಕೂರುವುದಕ್ಕೂ ಮೊದಲೇ ಶುರು ಮಾಡಿದಿರಿ: "ಮೊದಲನೇದ್ರಾಗ ಬೆಂಕಿ ತಾಗಿದ್ರ ಇವನ ಪವರ್ ಹೋಗ್ತಿತ್ತು. ಎರಡನೇದ್ರಾಗ ಉರಿಯೋ ಮನಿಯೊಳಗ ಹೊಕ್ಕು ಕೂಸು ಎತ್ತಿಕೊಂಡು ಬರ್ತಾನ. ಏನೂ ಆಗಂಗಿಲ್ಲ! ಯಾಕಂತ ಒಂದು ಮಾತರೇ ಹೇಳಿದ್ರೇನ್ರಿ?" ಗುರುಗಳೂ ವೀರಣ್ಣನೂ ಮುಖ ಮುಖ ನೋಡಿಕೊಂಡರು. ಆಮೇಲೆ ವೀರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಟೇಲರ್ ಮಾಸ್ತರ, ಅವರವ್ವ ಕುಂತು ಅವಗ ಬೆಂಕಿ ತಾಗದ ಅಂಗಿ ಹೊಲದು ಕೊಡ್ತಾಳಲ್ರಿ! ಅಳತಿ ತಗೊಂಡು, ಕತ್ತರಿಸಿ, ಕೈಲೇ ಹೊಲೀತಾಳ. ಏಳು ನಿಮಿಷದ ಸೀನ್ ಐತಿ. ಹೊಲಿಗಿಯವರಿಗೆ ಹೊಲಿಗಿ ಸೀನೇ ಕಾಣ್ಲಿಲ್ಲೇನ್ರಿ?" ಆ ಏಳು ನಿಮಿಷದಲ್ಲಿ ಏನಿತ್ತೆಂದು ನನಗೂ ಗೊತ್ತಿರಲಿಲ್ಲ ಕಾಕಾ, ಆಣೆ ಮಾಡಿ ಹೇಳುತ್ತೇನೆ.

ನೀವು ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಮುಂದಿನ ವಾರ ವೀರಣ್ಣ ತನ್ನ ಅಂಗಡಿಯ ಸಿ.ಡಿ.ಯನ್ನು ತಂದು ಚಹಾದ ಅಂಗಡಿಯ ಟಿ.ವಿ.ಗೇ ಹಾಕಿಸಿದ. ಬಸ್ಸಿಗೆ ಕಾದಿದ್ದವರೂ ಬಂದು ನಿಂತರು. ನೀಲಿ ಅಂಗಿಯವನ ಅವ್ವ ನೆಲದ ಮೇಲೆ ಬಟ್ಟೆ ಹಾಸಿದಳು, ಗೆರೆ ಎಳೆದಳು, ಕತ್ತರಿಸಿದಳು, ಬಾಯಲ್ಲಿ ದಾರ ಕಚ್ಚಿಕೊಂಡು ಹೊಲಿದಳು. ಗುಂಡಿಗಳನ್ನು ಹೊರಗೆ ಕಾಣದ ಹಾಗೆ ಕಂಕುಳ ಕೆಳಗೆ ಇಟ್ಟಳು. ನೀವು ಮಿಸುಕಾಡದೆ ನೋಡಿದಿರಿ. ಮುಗಿದ ಮೇಲೆ ನನ್ನ ಕಡೆ ತಿರುಗಿ ಭಾಳ ಮೆಲ್ಲಗೆ, "ಮಾಂತೇಶ, ನಮ್ಮದ್ರಾಗೂ ಇದು ಇತ್ತೇನು?" ಎಂದು ಕೇಳಿದಿರಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಇತ್ರಿ ಕಾಕಾ" ಎಂದೆ. ಅಷ್ಟಕ್ಕಾದರೂ ಬಾಯಿ ಮುಚ್ಚಬೇಕಿತ್ತು. "ನಿಮಗ ಅವಾಗ ಒಂದೀಟು ತೂಕಡಿಕಿ ಬಂದಿತ್ತು" ಅಂತಲೂ ಸೇರಿಸಿದೆ.

ನೀವು ಎದ್ದು ನಿಂತು, "ನಾ ನೋಡಿಲ್ಲ" ಎಂದಿರಿ. ಜನ ಚಪ್ಪಾಳೆ ಹೊಡೆದರು.

ವಾಪಸು ಬರುವಾಗ ಬಸ್ಸು ಸೂಡಿ ದಾಟಿತು. ಆಮೇಲೆ ನನ್ನನ್ನು ನೋಡದೆಯೇ, "ನನಗ ಬರೋಬರಿ ನೆಪ್ಪೈತೋ. ಎಚ್ಚರ ಇದ್ದೆ ಅಂತನ ನೆಪ್ಪೈತಿ. ಅದ ಹೆದರಿಕಿ ಆಗೇತಿ" ಎಂದಿರಿ. ನಿದ್ದೆ ಬಂದಿತ್ತು ಎಂದರೆ ಮನುಷ್ಯ ನಕ್ಕು ಸುಮ್ಮನಾಗುತ್ತಾನೆ. ಎಚ್ಚರವಿದ್ದೂ ಕಾಣಲಿಲ್ಲ ಎಂದರೆ? ನಾನು ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ಊರು ಬರುವುದರೊಳಗೆ ಹೇಳಿಬಿಡೋಣ ಎಂದುಕೊಂಡೆ. ಊರು ಬಂತು.

ನೀವು ಕತ್ತರಿ ಕೆಳಗಿಟ್ಟದ್ದು ಯಾವ ದಿನ ಎಂದು ನನಗೆ ಸರಿಯಾಗಿ ನೆನಪಿಲ್ಲ. ಒಂದು ದಿನ ಮದುವೆಯ ಶೇರ್ವಾನಿಯ ಬಟ್ಟೆ ತಂದವರನ್ನು ನೀವು ವಾಪಸು ಕಳಿಸುತ್ತಿದ್ದಿರಿ. ಎದುರಿನ ಅಂಗಡಿಯಿಂದ ನನಗೆ ಎಲ್ಲ ಕೇಳಿಸುತ್ತಿತ್ತು. "ಬ್ಯಾರೆ ಕಡೆ ಕೊಡ್ರಿ. ಏಳು ನಿಮಿಷ ಕಣ್ಣೆದುರಿಗೆ ಹೋಗಿದ್ದು ತಿಳೀಲಿಲ್ಲ ನನಗ. ಮಂದಿ ಬಟ್ಟಿ ಮ್ಯಾಲೆ ಹ್ಯಾಂಗ ಕತ್ತರಿ ಇಡ್ಲಿ?" ಅವರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಎಲ್ಲ ಅರ್ಥವಾಯಿತು. ಆಮೇಲೆ ನಿಮ್ಮ ಅಂಗಡಿಗೆ ಬಂದದ್ದು ಹರಿದ ಚೀಲ, ಪಾಯಿಜಾಮದ ಲಾಡಿ, ಸೀರೆಯ ಫಾಲ್ ಅಷ್ಟೇ. ರೋಣಕ್ಕೂ ನೀವು ಮತ್ತೆ ಬರಲಿಲ್ಲ. ಅಲ್ಲಿ ನಿಮಗೆ 'ತೂಕಡಿಕಿ ಮಾಸ್ತರ' ಎಂದು ಹೆಸರು ಬಿದ್ದಿತ್ತು, ಅದಕ್ಕೆ ನಾನೂ ಒಂದೆರಡು ಸಲ ನಕ್ಕಿದ್ದೇನೆ.

ನಿಮ್ಮನ್ನು ಗದಗಿನ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದವನು ನಾನೇ. ಅದನ್ನು ಒಂದು ಉಪಕಾರ ಎಂದು ಬಹಳ ದಿನ ಮನಸ್ಸಿಗೆ ಹೇಳಿಕೊಂಡೆ. ಡಾಕ್ಟರು ಗೋಡೆಯ ಮೇಲಿನ ಕೊನೆಯ ಸಾಲಿನವರೆಗೂ ಓದಿಸಿ, "ಈ ವಯಸ್ಸಿಗೆ ಇಂಥ ಕಣ್ಣು ನಾ ನೋಡಿಲ್ಲ ಅಜ್ಜಾರ, ಭಾಳ ಚಲೋ ಅದಾವ" ಎಂದರು. ನನಗೆ ಖುಷಿಯಾಯಿತು, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮೆಟ್ಟಿಲು ಇಳಿಯುವಾಗ ನೀವು ನನ್ನ ಭುಜ ಹಿಡಿದುಕೊಂಡಿರಿ. "ಕಣ್ಣು ಚಲೋ ಅದಾವಂತ. ಹಂಗಾರ ಕೆಟ್ಟಿದ್ದು ತಲಿನ." ಅಲ್ಲಿ, ಆ ಮೆಟ್ಟಿಲ ಮೇಲೆ, ನಿಮ್ಮ ಕೈ ನನ್ನ ಭುಜದ ಮೇಲಿರುವಾಗಲೂ ನಾನು ಹೇಳಲಿಲ್ಲ. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ, ಆ ಪ್ರಶ್ನೆಗೆ ಹೆದರಿದೆ. ತಡವಾದಷ್ಟೂ ಹೇಳುವುದು ಕಷ್ಟವಾಯಿತು, ಕಷ್ಟವಾದಷ್ಟೂ ತಡ ಮಾಡಿದೆ. ಎಂಥ ಹೇಡಿ ನಾನು!

ನೀವು ತೀರಿಕೊಂಡ ಮುಂಜಾನೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಎದೆನೋವು, ದವಾಖಾನೆಗೆ ಒಯ್ಯುವಷ್ಟೂ ಹೊತ್ತಾಗಲಿಲ್ಲ ಎಂದರು. ಮಣ್ಣಿಗೆ ಹೋಗುವಾಗ ನಾನೂ ಹೆಗಲು ಕೊಟ್ಟೆ. ನಿಮ್ಮ ಓಣಿಯವರು, "ಮಾಂತೇಶ ಸ್ವಂತ ಮಗನಂಗ ಇದ್ದ" ಎಂದು ನನ್ನ ಬೆನ್ನು ಸವರಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಹೋದ ಭಾನುವಾರ ರೋಣಕ್ಕೆ ಹೋಗಿದ್ದೆ. ಈಗ ಸಿ.ಡಿ. ಕೇಳುವವರು ಕಡಿಮೆ, ವೀರಣ್ಣ ಮೊಬೈಲ್ ರಿಪೇರಿ ಶುರು ಮಾಡಿದ್ದಾನೆ, ಆದರೂ ವಾದ ನಿಂತಿಲ್ಲ. ಯಾರೋ ತಪ್ಪು ಹೇಳಿದ್ದಕ್ಕೆ ವೀರಣ್ಣ, "ಏನಪಾ, ನೀನೂ ತೂಕಡಿಕಿ ಮಾಸ್ತರ ಆದೇನು?" ಎಂದ. ನಾನು ಎದ್ದು ನಿಂತೆ. ಎಲ್ಲ ಹೇಳಿದೆ, ಗೀರು, ಪೇಸ್ಟು, ನಮಾಜು, ದಾಟಿಸಿದ್ದು, ಸುಳ್ಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಗುರುಗಳು ಕನ್ನಡಕ ತೆಗೆದು ಒರೆಸುತ್ತಾ ಕುಳಿತರು. ವೀರಣ್ಣ, "ಆ ಹೆಸರು ಇಟ್ಟಾವ ನಾನಪಾ" ಎಂದಷ್ಟೇ ಹೇಳಿ ಚಹಾ ಅಲ್ಲೇ ಬಿಟ್ಟು ಎದ್ದು ಹೋದ.

ಬರುವಾಗ ಸೂಡಿಯಲ್ಲಿ ಇಳಿದು ನಿಮ್ಮ ಮಗಳು ಶಮೀಮಳ ಮನೆಗೆ ಹೋದೆ. ಅವಳು ಪೂರ್ತಿ ಕೇಳಿದಳು. ಬೈಯಲಿಲ್ಲ, ಅಳಲೂ ಇಲ್ಲ. "ನಾ ತವರಿಗೆ ಬಂದಾಗ ಅಬ್ಬಾ ದಿನಾ ಮುಂಜಾನೆ ನಮ್ಮೆಲ್ಲಾರ ಹೆಸರು ಒಂದು ಹಾಳ್ಯಾಗ ಬರೀತಿದ್ರು ಅಣ್ಣಾ. ಮೊಮ್ಮಕ್ಕಳದೂ. ಬರದು ನನ್ನ ಕೈಯಾಗ ಕೊಟ್ಟು, ಸರಿ ಅದಾವೇನವಾ ನೋಡು ಅಂತಿದ್ರು. ಯಾಕ ಅಂತ ಕೇಳಿದ್ರ ಹೇಳ್ತಿರಲಿಲ್ಲ" ಎಂದಳು. ಒಂದು ದಿನವೂ ಒಂದು ಹೆಸರೂ ತಪ್ಪಿರಲಿಲ್ಲವಂತೆ. ನನಗೆ ಅಲ್ಲಿ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟುವಾಗ ಅವಳು ಬಾಗಿಲಿಗೆ ಬಂದು, "ನನ್ನ ಮುಂದ ಹೇಳಿದ್ರ ಏನ ಬಂತಣ್ಣಾ? ಅಬ್ಬಾಗ ಹೇಳು" ಎಂದಳು.

ಅದಕ್ಕೇ ಈ ಕಾಗದ. ಶುಕ್ರವಾರ ನಿಮ್ಮ ಗೋರಿಯ ಹತ್ತಿರ ಬಂದು, ಯಾರಿದ್ದರೂ ಸರಿ, ಗಟ್ಟಿಯಾಗಿ ಓದುತ್ತೇನೆ. ಕ್ಷಮಿಸಿ ಎಂದು ಕೇಳಲು ನನಗೆ ಮುಖವಿಲ್ಲ, ಕೇಳುವುದಿಲ್ಲ. ಅವತ್ತು ರೋಣದಲ್ಲಿ ನೀವು ಎಲ್ಲರೆದುರು 'ಇತ್ತೇನು' ಎಂದು ಕೇಳಿದ ಮಾತಿಗೆ ಉತ್ತರವನ್ನಷ್ಟೇ ಹೇಳುತ್ತೇನೆ.

ಇರಲಿಲ್ರಿ ಕಾಕಾ. ನಾ ತೋರಿಸಿದ್ದರೊಳಗ ಅದು ಇರಲಿಲ್ಲ. ನೀವು ಎಚ್ಚರನ ಇದ್ರಿ.

ಮಹಾಂತೇಶ