ಮೊದಲ ಗೆರೆಯ ಹೆಸರು

ಹಾರ್ಲನ್ ಫೆರಿ, ಜಾರ್ಜಿಯಾ
೧೬ ಆಗಸ್ಟ್ ೧೯೬೬, ಮಂಗಳವಾರ

ಪ್ರೀತಿಯ ಕ್ಲೋಟೀಲ್,

ನೀನು ಜೂನ್‌ನಲ್ಲಿ ಬರೆದ ಪತ್ರಕ್ಕೆ ಆಗಸ್ಟ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಜೋರಾಗಿಯೇ ಬೈದುಬಿಡು, ಷಿಕಾಗೋದಿಂದ ಇಲ್ಲಿಗೆ ಕೇಳಿಸುವುದಿಲ್ಲ. ಕಾಲೇಜಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದು ನನ್ನ ಸೋಮಾರಿತನವನ್ನೆಲ್ಲ ಕಂಡವಳು ನೀನು. ಹೊಸದಾಗಿ ಕ್ಷಮೆ ಕೇಳುವುದೇನಿದೆ? ಇಲ್ಲಿ ಎಲ್ಲರೂ ಆರೋಗ್ಯ. ಗಂಡ ಲಿಯಾಂಡರನ ಕ್ಷೌರದಂಗಡಿ ನಡೆಯುತ್ತಿದೆ. ನಮ್ಮವರ ಕೂದಲು ಬೆಳೆಯುವುದನ್ನು ಇನ್ನೂ ಯಾರೂ ನಿಲ್ಲಿಸಿಲ್ಲ. ಮಗಳು ವೆರ್ನೀಸ್‌ಗೆ ಹದಿನೈದು ತುಂಬಿತು, ನನ್ನಷ್ಟೇ ಎತ್ತರ ಆಗಿದ್ದಾಳೆ.

ನೀನು ಟೈಪ್ ಮಾಡಿ ಕಳಿಸಿದ ಕವನಗಳ ಕಟ್ಟು ತಲುಪಿತು. ಆಫೀಸಿನ ಟೈಪ್‌ರೈಟರಿನಲ್ಲಿ ಆಗಾಗ ಆಫೀಸಿನ ಕೆಲಸವನ್ನೂ ಮಾಡುತ್ತೀಯೋ ಇಲ್ಲವೋ? ನೀನು ಕಳಿಸದಿದ್ದರೆ ನಮ್ಮ ಮಕ್ಕಳಿಗೆ ನಮ್ಮಲ್ಲೂ ಕವಿಗಳಿದ್ದಾರೆ ಎಂದು ಗೊತ್ತಾಗುತ್ತಲೇ ಇರಲಿಲ್ಲ. ನಾನು ಪಾಠ ಮಾಡುವ ಎಂಟನೆಯ ತರಗತಿಯ ಪುಸ್ತಕದಲ್ಲಿ ನಮ್ಮವನೊಬ್ಬನಿದ್ದಾನೆ. ಚಿತ್ರದಲ್ಲಿ, ಯಾರದೋ ಕುದುರೆ ಹಿಡಿದುಕೊಂಡು ನಿಂತಿದ್ದಾನೆ.

ಆಗಸ್ಟ್ ಎಂದರೆ ನನಗೆ ಅಂಟು ಕಾಯಿಸುವ ತಿಂಗಳು, ಮರೆತಿಲ್ಲ ತಾನೇ? ಬಿಳಿಯರ ಶಾಲೆಯಲ್ಲಿ ಸವೆದ ಪುಸ್ತಕಗಳು ನಮ್ಮ ಕರಿಯರ ಶಾಲೆಗೆ ಬರುತ್ತವೆ. ಮುಂದೆ ಯಾರ ಕೈಗೆ ಹೋಗುತ್ತವೆ ಎಂದು ಅಲ್ಲಿನ ಮಕ್ಕಳಿಗೆ ಗೊತ್ತು. ಹಾಗಾಗಿ ಕೊನೆಯ ದಿನ ನಮ್ಮ ಮಕ್ಕಳು ಓದಲೆಂದೇ ಪುಟಗಳ ಮೇಲೆ ಒಂದಿಷ್ಟು ಬೈಗುಳ ಬರೆದಿಟ್ಟು ಹೋಗುತ್ತಾರೆ. ಆ ಪದವನ್ನು ನಿನಗೆ ನಾನು ಬರೆದು ತಿಳಿಸಬೇಕಾಗಿಲ್ಲ. ನಾನು ಮೈದಾ ಕಾಯಿಸಿ, ಬೂಸ್ಟು ಹಿಡಿಯದಿರಲೆಂದು ಲವಂಗದ ಪುಡಿ ಹಾಕಿ, ಬೈಗುಳದ ಮೇಲೆ ಬಿಳಿ ಚೀಟಿ ಅಂಟಿಸುತ್ತೇನೆ. ಆ ಚೀಟಿಯ ಮೇಲೆ ನೀನು ಕಳಿಸಿದ ಕವನಗಳಿಂದ ಎರಡು ಸಾಲು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಹೋದ ವರ್ಷ ಒಬ್ಬ ಹುಡುಗಿ ಮುಖ ಊದಿಸಿಕೊಂಡು ಬಂದಳು. "ಮಿಸ್, ನನ್ ಪುಸ್ತಕ ತುಂಬಾ ಚೊಕ್ಕ ಇದೆ, ಒಂದೂ ಪದ್ಯ ಇಲ್ಲ. ಬೇರೆ ಕೊಡಿ" ಎಂದಳು. ಮನೆಗೆ ಬಂದು ಹೇಳಿದರೆ ಲಿಯಾಂಡರ್ ಬಿದ್ದು ಬಿದ್ದು ನಕ್ಕ.

ಚಳಿಗಾಲದಲ್ಲಿ ಡಬ್ಬಿಯಲ್ಲಿ ಉಳಿದ ಅಂಟನ್ನು ಇಲಿ ತಿಂದು ಮುಗಿಸುತ್ತಿದೆ, ಬೋನಿಗೂ ಬೀಳುತ್ತಿಲ್ಲ ಎಂದು ಬರೆದಿದ್ದೆನಲ್ಲ. ಟೀಚರ್ ಮನೆಯ ಇಲಿ, ಓದಿಕೊಂಡಿರಬೇಕು ಎಂದು ನೀನು ಗೇಲಿ ಮಾಡಿದ್ದೆ. ಬೇಸಿಗೆ ರಜೆ ಬಂದಮೇಲೆ ಅದರ ಸುಳಿವಿಲ್ಲ.

ಇನ್ನು ವೆರ್ನೀಸ್ ವಿಷಯ. ಹೋದ ಸೆಪ್ಟೆಂಬರಿನಲ್ಲಿ, ಹೊಸ ಕಾನೂನು ಬಂದಮೇಲೆ, ಅವಳೂ ನಮ್ಮವರ ಇನ್ನು ನಾಲ್ಕು ಮಕ್ಕಳೂ ಬಿಳಿಯರ ಶಾಲೆಗೆ ಸೇರಿದ್ದು ನಿನಗೆ ಗೊತ್ತು. ಹೇಗೆ ಸೇರಿದಳು ಎಂಬುದನ್ನು ನಾನು ಹೇಳಿರಲಿಲ್ಲ. ಬಿಳಿಯರು ಕೆಲಸದಿಂದ ತೆಗೆಯಲಾಗದವರು ಮೊದಲು ಮಕ್ಕಳನ್ನು ಕಳಿಸಲಿ ಎಂದು ಚರ್ಚಿನ ಸಭೆಯಲ್ಲಿ ಪಾಸ್ಟರ್ ಕೇಳಿದರು. ಎಲ್ಲರೂ ಕ್ಷೌರದಂಗಡಿಯವನ ಕಡೆ ತಿರುಗಿದರು. ಲಿಯಾಂಡರ್ ತಲೆ ತಗ್ಗಿಸಿದ. ಕೈ ಎತ್ತಿದವಳು ನಾನು. ಮನೆಗೆ ಬಂದಮೇಲೆ ವೆರ್ನೀಸ್, "ಅಮ್ಮಾ, ನಾನಿಲ್ಲೇ ಇರ್ತೀನಿ. ನಿನ್ ಶಾಲೇಲೇ" ಎಂದಳು.

"ಅಲ್ಲಿ ಹೊಸಾ ಪುಸ್ತಕ ಕೊಡ್ತಾರೆ ಕಣೇ" ಎಂದೆ ನಾನು.

ಹೌದು, ಹಾಗೇ ಹೇಳಿದೆ. ಮೊದಲ ದಿನ ಅವಳು ಆರು ಹೊಸ ಪುಸ್ತಕ ತಂದಾಗ ನಾನು ಒಂದೊಂದನ್ನೂ ಮೂಸಿ ನೋಡಿದೆ. ಪುಸ್ತಕದ ಒಳಗೆ ಹೆಸರು ಬರೆಯಲು ಎಂಟು ಗೆರೆ ಇರುತ್ತವಲ್ಲ. ಓದುವಾಗ ನನ್ನ ಹೆಸರು ಬರುತ್ತಿದ್ದುದು ಏಳನೆಯದೋ ಎಂಟನೆಯದೋ ಗೆರೆಯಲ್ಲಿ, ಎಲ್ಲ ಬಿಳಿಯ ಮಕ್ಕಳ ಕೆಳಗೆ. ನಿನ್ನದೂ ಅಷ್ಟೇ. ಆ ದಿನ ಅವಳ ಕೈಗೆ ಪೆನ್ನು ಕೊಟ್ಟು, "ಮೊದಲ್ನೇ ಗೆರೆ ಮೇಲೆ ಬರಿ. ಇಂಕಲ್ಲಿ. ಪೂರ್ತಿ ಹೆಸರು" ಎಂದೆ. ಬರೆದಳು. ಆರೂ ಪುಸ್ತಕಕ್ಕೆ ನಾನೇ ರಟ್ಟುಕಾಗದ ಹೊದಿಸಿದೆ.

ಕ್ರಿಸ್‌ಮಸ್ ಹೊತ್ತಿಗೆ ಆ ನಾಲ್ಕೂ ಮಕ್ಕಳು ವಾಪಸ್ ಬಂದವು. ಇವಳು ಬರಲಿಲ್ಲ. ದಿನಾ ಸಂಜೆ "ಹೇಗಿತ್ತೇ?" ಎನ್ನುತ್ತಿದ್ದೆ. "ಚೆನ್ನಾಗಿತ್ತಮ್ಮಾ" ಎನ್ನುತ್ತಿದ್ದಳು. ನಂಬುತ್ತಿದ್ದೆ. ನಂಬುವುದು ನನಗೆ ಅನುಕೂಲವಾಗಿತ್ತು.

ನಿನ್ನೆ ಪುಸ್ತಕದ ಲಾರಿ ಬಂತು. ಓಡಿಸಿಕೊಂಡು ಬಂದ ಬಿಳಿಯ ಹುಡುಗನಿಗೆ ಇಪ್ಪತ್ತೂ ಆಗಿರಲಾರದು. "ಏ ಒಜೆಲ್ಲಾ, ಎಲ್ ಸುರೀಲಿ ಇದನ್ನ?" ಎಂದ. ನನಗೆ ನಲವತ್ತೆರಡು. "ಒಳಗಿಡಿ ಸಾರ್" ಎಂದೆ. ಕೊನೆಯ ಪೆಟ್ಟಿಗೆಯಲ್ಲಿ, ಎಲ್ಲಕ್ಕಿಂತ ಮೇಲೆ, ಹೊದಿಕೆಯಿಲ್ಲದ, ಹುರಿ ಕಟ್ಟಿದ ಆರು ಪುಸ್ತಕಗಳಿದ್ದವು. ಮೂಲೆ ಕೂಡ ಮಡಿಸಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಹೊಸ ಪುಸ್ತಕ ಬಂದದ್ದೇ ಇಲ್ಲ. ನನ್ನ ಕೆಟ್ಟ ಪ್ರಾಮಾಣಿಕತೆ ನೋಡು, "ಸಾರ್, ಇವು ತಪ್ಪಿ ಬಂದಿವೆ. ಹೋದ ವರ್ಷದ ಹೊಸಾವು" ಎಂದೆ.

"ತಪ್ಪೇನಲ್ಲ" ಎಂದ ಅವನು. "ಅವನ್ನ ಅಲ್ಲಿ ಇನ್ನ್ಯಾರೂ ಮುಟ್ಟಲ್ಲ."

ಆಗಲೂ ನನಗೆ ಹೊಳೆಯಲಿಲ್ಲ. ಹುರಿ ಬಿಚ್ಚಿ ಮೇಲಿನ ಪುಸ್ತಕ ತೆರೆದೆ. ಮೊದಲ ಗೆರೆಯ ಮೇಲೆ, ಇಂಕಿನಲ್ಲಿ, ವೆರ್ನೀಸ್ ಅಗಸ್ಟಾ ಪ್ರೂಯಿಟ್. ಕೆಳಗಿನ ಏಳು ಗೆರೆ ಖಾಲಿ. ಆರರಲ್ಲೂ ಹಾಗೆಯೇ.

ರಸೀತಿಗೆ ಸಹಿ ಹಾಕಿದೆ. ಅಕ್ಷರ ದುಂಡಗೇ ಬಂತು. ಉಳಿದ ಪುಸ್ತಕಗಳನ್ನು ಎಣಿಸಿ ಜೋಡಿಸಿದೆ. ಆ ಆರನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದು, ಅವರೆ ಬಿಡಿಸಿ, ಬೇಯಿಸಿ, ಬಡಿಸಿ, ನಾನೂ ಉಂಡೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಹಾಗೆ ಮರಗಟ್ಟಿಹೋಗಿದೆ. ಈಗಲೂ ಹಾಗೇ ಇದೆ.

ಇವಳನ್ನು ನಮ್ಮ ಶಾಲೆಗೆ ವಾಪಸ್ ಕರೆತರಬೇಕಾದರೆ ಶುಕ್ರವಾರದೊಳಗೆ ಅರ್ಜಿ ಕೊಡಬೇಕು. ಲಿಯಾಂಡರ್, "ಕೈ ಎತ್ತಿದ್ದು ನೀನು. ಇಳಿಸೋದೂ ನೀನೇ ಇಳಿಸು" ಎಂದು ಅಂಗಡಿಗೆ ಹೋದ. ಇವತ್ತು ಬೆಳಿಗ್ಗೆ ಪಾಸ್ಟರ್ ಬಂದಿದ್ದರು. ಅವಳೂ ಬಿಟ್ಟರೆ, ನೋಡಿ ಅವರಿಗೇ ಬೇಡವಂತೆ ಎಂದು ಶಾಲಾ ಮಂಡಳಿಯವರು ಬಾಗಿಲು ಹಾಕಿಕೊಳ್ಳುತ್ತಾರೆ ಎಂದರು. ಅದು ನಿಜವೇ.

"ಸಿಸ್ಟರ್ ಪ್ರೂಯಿಟ್, ಅವಳೊಬ್ಬಳೇ ಅಮ್ಮಾ ಉಳಿದಿರೋದು" ಎಂದರು.

"ಪಾಸ್ಟರ್, ನಾನೂ ಅದನ್ನೇ ಹೇಳ್ತಿರೋದು" ಎಂದೆ. ಕಾಫಿ ಕುಡಿಯದೆ ಎದ್ದು ಹೋದರು.

ಅರ್ಜಿ ಬರೆದಿಟ್ಟಿದ್ದೇನೆ. ಸಹಿ ಹಾಕಿಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುವುದಿಲ್ಲ; ನಿನ್ನ ಉತ್ತರ ಬರುವಷ್ಟರಲ್ಲಿ ಶುಕ್ರವಾರ ಕಳೆದಿರುತ್ತದೆ.

ನಿನ್ನ ಮೊಣಕಾಲು ನೋವು ಈ ಚಳಿಗಾಲಕ್ಕೆ ಮರುಕಳಿಸದಿರಲಿ. ದೇವರು ನಿನ್ನನ್ನೂ ಆ ಟೈಪ್‌ರೈಟರನ್ನೂ ಕಾಯಲಿ.

ನಿನ್ನ,
ಒಜೆಲ್ಲಾ

ತಾ.ಕ.: ಕವರು ಮುಚ್ಚಲು ಹೋದೆ, ಆಗಲಿಲ್ಲ. ಎಲ್ಲವನ್ನೂ ಹೇಳಿದಂತೆ ಬರೆದಿದ್ದೇನೆ, ಹೇಳಿಲ್ಲ.

ಆ ಆರು ಪುಸ್ತಕಗಳ ಒಳಗೆ ಚೀಟಿಗಳಿವೆ ಕ್ಲೋಟೀಲ್. ಅಂಚು ನೇರ ಕತ್ತರಿಸಿ, ಒಂದು ಸುಕ್ಕೂ ಇಲ್ಲದಂತೆ ಅಂಟಿಸಿದ ಬಿಳಿ ಚೀಟಿಗಳು, ನಲವತ್ಮೂರು. ಮೂಸಿ ನೋಡಿದೆ. ಲವಂಗ. ಕೆಟಲಿನ ಹಬೆ ಹಿಡಿದು ಒಂದನ್ನು ಎಬ್ಬಿಸಿ, ಕೆಳಗಿದ್ದುದನ್ನು ಓದಿದೆ. ಎರಡನೆಯದನ್ನು ಎಬ್ಬಿಸಲಿಲ್ಲ. ನಮ್ಮ ಮನೆಯಲ್ಲಿ ಇಲಿ ಇರಲೇ ಇಲ್ಲ.

ಚೀಟಿಗಳ ಮೇಲೆ ಏನೂ ಬರೆದಿಲ್ಲ. ನಮ್ಮ ಶಾಲೆಯಲ್ಲಿದ್ದಾಗ ಯಾವ ಬೈಗುಳದ ಮೇಲೆ ಯಾವ ಸಾಲು ಎಂದು ನನಗೆ ಆರಿಸಿ ಕೊಡುತ್ತಿದ್ದವಳು ಅವಳು. ನೀನು ಕಳಿಸಿದ ಕವನಗಳೆಲ್ಲ ಅವಳಿಗೆ ಬಾಯಿಪಾಠ. ನಲವತ್ಮೂರೂ ಖಾಲಿ.

ಮಧ್ಯಾಹ್ನ ನಾನು ಅಂಟು ತಿರುವುತ್ತಿದ್ದಾಗ ಅಡುಗೆಮನೆಗೆ ಬಂದಳು. ಮೇಜಿನ ಮೇಲೆ ತನ್ನ ಪುಸ್ತಕಗಳನ್ನು ನೋಡಿದಳು. ಮುಖದಲ್ಲಿ ಏನೂ ಕಾಣಲಿಲ್ಲ, ನನ್ನದೇ ಮುಖ. ನಾನು ಅರ್ಜಿಯನ್ನು ಅವಳ ಕಡೆ ಸರಿಸಿ, "ನೀನು ಹೂಂ ಅಂದ್ರೆ ಈಗ್ಲೇ ಸಹಿ ಹಾಕ್ತೀನಿ" ಎಂದೆ. ಓದಿದಳು. "ಬೇಡ. ಹೋಗ್ತೀನಿ" ಎಂದಳು.

ಆಮೇಲೆ, ಉಪ್ಪು ಕೇಳುವಷ್ಟು ಸಲೀಸಾಗಿ, "ಅಮ್ಮಾ, ಈ ಸಲ ಬೋನು ಇಡ್ಬೇಡ. ನಂಗೇ ಅಂತ ಒಂದು ಡಬ್ಬಿ ಬೇರೆ ತುಂಬ್ಸಿ ಕೊಡು" ಎಂದಳು.

ತುಂಬಿಸಿ ಕೊಟ್ಟೆ. ಲವಂಗ ಒಂದೆರಡು ಹೆಚ್ಚೇ ಹಾಕಿದೆ.